ಬಣ್ಣ ಕಿತ್ತು ಬಂತು ಅಂತ ಫೋನ್ ಬಂದಾಗ

ಪ್ರೆಶರ್ ವಾಷಿಂಗ್, ಅಂದರೆ ಮೆಷಿನ್‌ನಿಂದ ನೀರನ್ನು ಜೋರಾಗಿ ಹೊಡೆದು ಗೋಡೆ ತೊಳೆಯುವ ಕೆಲಸ ಮಾಡುವವರಿಗೆ ಈ ಫೋನ್ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಹೆಚ್ಚಾಗಿ ಬರುವುದು ಕೆಲಸದ ಮರುದಿನ, ಗೋಡೆ ಒಣಗಿದ ಮೇಲೆ. "ಸಾರ್, ನಿಮ್ಮ ಹುಡುಗರು ಬಂದು ಹೋದ ಮೇಲೆ ಕಾಂಪೌಂಡ್ ಬಣ್ಣವೆಲ್ಲ ಎದ್ದಿದೆ." ಇಲ್ಲದಿದ್ದರೆ, "ಕಿಟಕಿಯಿಂದ ನೀರು ನುಗ್ಗಿ ವಾರ್ಡ್‌ರೋಬ್ ಉಬ್ಬಿಕೊಂಡಿದೆ." ಬೆಂಗಳೂರಲ್ಲಿ ಮಳೆ ನಿಂತು ದೀಪಾವಳಿ ಹತ್ತಿರ ಬಂದಾಗ ಪಾಚಿ ತೊಳೆಸುವವರು ಜಾಸ್ತಿ, ದೂರುಗಳೂ ಆಗಲೇ ಜಾಸ್ತಿ. ಒಂದು ಮೆಷಿನ್, ಇಬ್ಬರು ಮೂವರು ಹುಡುಗರನ್ನು ಇಟ್ಟುಕೊಂಡು ದುಡಿಯುವ ನಮ್ಮಂಥವರಿಗೆ ಇಂಥ ಒಂದೇ ದೂರು ತಿಂಗಳ ದುಡಿಮೆಯನ್ನು ನುಂಗಿಬಿಡಬಹುದು.

ನಾನು ನೋಡಿದ ಮಟ್ಟಿಗೆ ವಿಷಯ ಕೆಡುವುದು ಫೋನಿನಲ್ಲೇ. ಕೆಲವರು "ನಿಮ್ಮ ಬಣ್ಣವೇ ಹಳೇದು, ನಮ್ಮ ತಪ್ಪಲ್ಲ" ಅನ್ನುತ್ತಾರೆ. ಇನ್ನು ಕೆಲವರು ಹೆದರಿ "ಆಯ್ತು ಸಾರ್, ಎಲ್ಲಾ ಮಾಡಿಸಿಕೊಡ್ತೀವಿ" ಅಂತ ಒಪ್ಪಿಕೊಂಡುಬಿಡುತ್ತಾರೆ. ಗೋಡೆ ನೋಡದೆ ಎರಡನ್ನೂ ಹೇಳಬಾರದು. ನಾನು ಹೇಳುವುದು ಇಷ್ಟೇ: "ಅಮ್ಮ, ಇವತ್ತು ಸಂಜೆ ನಾನೇ ಬಂದು ನೋಡ್ತೀನಿ. ಅಲ್ಲೀತನಕ ಏನೂ ಕೆರೆಯೋಕೆ ಹೋಗಬೇಡಿ, ಎರಡು ಫೋಟೋ ಕಳಿಸಿ." ಸಂಜೆ ಅಂದರೆ ಸಂಜೆ ಹೋಗಲೇಬೇಕು. ಎರಡು ದಿನ ತಡವಾದರೆ ಅವರ ಸಿಟ್ಟೂ ಬೆಳೆಯುತ್ತದೆ, ಕೇಳುವ ದುಡ್ಡೂ ಬೆಳೆಯುತ್ತದೆ. ಮೀಟರ್ ಬೋರ್ಡಿಗೋ ಗೇಟ್ ಲೈಟಿಗೋ ನೀರು ಹೋಗಿದೆ ಅಂದರೆ ಮಾತ್ರ ಸಂಜೆಯ ಮಾತೇ ಬೇಡ. ಮೊದಲು ಮೇನ್ ಆಫ್ ಮಾಡಿಸಿ, ಕೂಡಲೇ ಎಲೆಕ್ಟ್ರಿಶಿಯನ್ ಕಳಿಸಿ. ಯಾರ ತಪ್ಪು ಅನ್ನುವುದನ್ನು ಆಮೇಲೆ ನೋಡೋಣ.

ಹೋದ ಮೇಲೆ ಗೋಡೆಯನ್ನು ಓದಬೇಕು. ನೀರು ಚಿಮ್ಮಿಸುವ ಗನ್ನಿನ ಗುರುತಿಗೆ ಒಂದು ಆಕಾರ ಇರುತ್ತದೆ. ನೀರನ್ನು 25 ಡಿಗ್ರಿ ಅಗಲಕ್ಕೆ ಹರಡುವ ನಾಝಲ್ (ಗನ್ನಿನ ತುದಿಯ ಮೂತಿ) ಗೋಡೆಗೆ ತೀರಾ ಹತ್ತಿರ ಹಿಡಿದಿದ್ದರೆ ಒಂದೇ ಅಗಲದ ಪಟ್ಟೆ ಬೀಳುತ್ತದೆ. ಕೈ ತಿರುಗುವ ಜಾಗದಲ್ಲಿ ಗನ್ ಅರೆಕ್ಷಣ ನಿಲ್ಲುವುದರಿಂದ ಅಲ್ಲಿ ಪಟ್ಟೆ ಇನ್ನೂ ಆಳ. ಇದು ಕಂಡರೆ ವಾದ ಬೇಡ, ಅದು ನಮ್ಮದೇ. ಮೊದಲೇ ಸಡಿಲವಾಗಿದ್ದ ಬಣ್ಣ ಹಾಗೆ ಏಳುವುದಿಲ್ಲ. ಅಂಚು ಅಂಕುಡೊಂಕಾಗಿರುತ್ತದೆ, ಚಕ್ಕೆ ತಿರುಗಿಸಿ ನೋಡಿದರೆ ಹಿಂದೆ ಬಣ್ಣದ ಕೆಳಗೆ ಹಚ್ಚುವ ಪುಟ್ಟಿಯ ಬಿಳಿ ಪುಡಿ ಅಂಟಿರುತ್ತದೆ. ನೀರು ತಾಗದ ಪಕ್ಕದ ಜಾಗದಲ್ಲಿ ಸೆಲೋಟೇಪ್ ಒತ್ತಿ ಅಂಟಿಸಿ ಒಂದೇ ಸಲಕ್ಕೆ ಎಳೆಯಿರಿ. ಅಲ್ಲೂ ಬಣ್ಣ ಕಿತ್ತು ಬಂದರೆ ಹಿಡಿತ ಮೊದಲೇ ಹೋಗಿತ್ತು ಅಂತ ಅರ್ಥ. ಇದನ್ನು ಮನೆಯವರ ಎದುರಿಗೇ ಮಾಡಬೇಕು. ನಾವು ಹತ್ತು ಮಾತಾಡುವ ಬದಲು ಅವರೇ ಕಣ್ಣಾರೆ ನೋಡುತ್ತಾರೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಬಿಟ್ಟಿದ್ದರೆ ಅದು ನೆಲದಿಂದ ಏರಿದ ತೇವ, ಒಂದು ದಿನದ ನೀರಿನಿಂದ ಆಗುವಂಥದ್ದಲ್ಲ. ವಾರ್ಡ್‌ರೋಬ್ ಪ್ಲೈವುಡ್ಡಿನಲ್ಲೂ ಹಾಗೇ. ಹೊಸದಾಗಿ ಉಬ್ಬಿದ್ದು ಇನ್ನೂ ಹಸಿಯಾಗಿ ಮೆತ್ತಗಿರುತ್ತದೆ. ಕಪ್ಪು ಬೂಷ್ಟು ಹಿಡಿದು ಗಟ್ಟಿಯಾಗಿದ್ದರೆ ಅದು ಹಳೇ ಕಥೆ.

ಹಾಗಂತ "ಬಣ್ಣ ಮೊದಲೇ ಸಡಿಲ ಇತ್ತು" ಅಂದ ಮಾತ್ರಕ್ಕೆ ನಾವು ಪೂರ್ತಿ ಪಾರಾದೆವು ಅಂತಲ್ಲ. ಅಂಗೈಯಿಂದ ಒಮ್ಮೆ ಗೋಡೆ ಉಜ್ಜಿದರೆ ಪುಡಿ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಅದನ್ನು ನೋಡದೆ 150 ಬಾರ್ ಒತ್ತಡದಲ್ಲಿ ನೀರು ಹೊಡೆದರೆ ಅದರಲ್ಲಿ ನಮ್ಮ ಪಾಲೂ ಇದೆ. ಕಲೆ ತೆಗೆಯಲು ಆ್ಯಸಿಡ್ ಬಳಸಿ ಕಲ್ಲು ಕೆಟ್ಟರಂತೂ ತಪ್ಪು ಪೂರ್ತಿ ನಮ್ಮದೇ. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿ. ಮಾರ್ಬಲ್ ಕೂಡ ಆ್ಯಸಿಡ್ ತಡೆಯುವುದಿಲ್ಲ. ಬಿದ್ದ ಕಡೆ ನೊರೆಯೆದ್ದು ಹೊಳಪು ಹೋಗುತ್ತದೆ, ಎಷ್ಟು ತೊಳೆದರೂ ವಾಪಸ್ ಬರುವುದಿಲ್ಲ. ಮತ್ತೆ ಪಾಲಿಶ್ ಮಾಡಿಸಿಕೊಡಲೇಬೇಕು.

ಕೆಲಸ ಶುರುವಾಗುವ ಮುಂಚೆ ಮನೆಯವರ ಜೊತೆ ಒಂದು ಸುತ್ತು ಹಾಕಿ ವಿಡಿಯೋ ಮಾಡಿಕೊಳ್ಳಿ. ಬಿರುಕು, ಎದ್ದ ಬಣ್ಣ, ಸರಿಯಾಗಿ ಮುಚ್ಚದ ಕಿಟಕಿ, ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾ ತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಅವರಿಗೂ ಕಳಿಸಿ, ಆದರೆ ಮೂಲ ಫೈಲ್ ಅಳಿಸಬೇಡಿ. ವಾಟ್ಸ್ಆ್ಯಪ್ ಫೋಟೋವನ್ನು ಕುಗ್ಗಿಸುತ್ತದೆ, ಯಾವಾಗ ತೆಗೆದದ್ದು ಅನ್ನುವ ವಿವರವೂ ಅದರಲ್ಲಿ ಉಳಿಯುವುದಿಲ್ಲ. ಕೇಸು ಕೋರ್ಟಿಗೆ ಹೋದರೆ ಇಂಥ ಸಾಕ್ಷಿಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಇದನ್ನೇ ಹೇಳುತ್ತದೆ.

ಇನ್ನು ದುಡ್ಡಿನ ಮಾತು. ಎರಡಡಿ ಪಟ್ಟೆಗೆ ಇಡೀ ಮನೆಗೆ ಬಣ್ಣ ಹೊಡೆಸಿ ಅನ್ನುವವರಿದ್ದಾರೆ. ಎರಡಡಿಗಷ್ಟೇ ತೇಪೆ ಹಚ್ಚಿ ಕೈತೊಳೆದುಕೊಳ್ಳುವ ಕಂಟ್ರಾಕ್ಟರುಗಳೂ ಇದ್ದಾರೆ. ಎರಡೂ ಸರಿಯಲ್ಲ. ಬಿಸಿಲಿಗೆ ಮಾಸಿದ ಗೋಡೆ ಮೇಲೆ ಹೊಸ ತೇಪೆ ಎದ್ದು ಕಾಣುತ್ತದೆ, ಅದನ್ನು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆ ಮುಖದ ಗೋಡೆಯನ್ನು ಮೂಲೆಯಿಂದ ಮೂಲೆಗೆ ಪೂರ್ತಿ ಹೊಡೆಸಿಕೊಡಿ, ಅಲ್ಲಿಗೆ ನಿಲ್ಲಿಸಿ. 1872ರ ಕರಾರು ಕಾಯ್ದೆಯ 73ನೇ ಸೆಕ್ಷನ್ನಿನಲ್ಲೂ ಕರಾರು ಮುರಿದದ್ದರಿಂದ ನೇರವಾಗಿ ಆದ ನಷ್ಟಕ್ಕಷ್ಟೇ ಪರಿಹಾರ. ನಷ್ಟ ಹೆಚ್ಚಾಗದಂತೆ ಮನೆಯವರೂ ತಮ್ಮ ಕೈಲಾದದ್ದು ಮಾಡಬೇಕು. ಆದರೆ ಇದನ್ನು ಅವರ ಮುಖಕ್ಕೆ ಹಿಡಿಯಬೇಡಿ, ನಿಮ್ಮ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ, ಆ ದುಡ್ಡನ್ನು ಹುಡುಗನ ಸಂಬಳದಲ್ಲಿ ಹಿಡಿಯಬೇಡಿ. ಒಮ್ಮೆ ಹಿಡಿದರೆ ಮುಂದಿನ ಸಲ ಆದದ್ದನ್ನು ಅವನು ಮುಚ್ಚಿಡುತ್ತಾನೆ. "ಅಣ್ಣಾ, ಇಲ್ಲಿ ಬಣ್ಣ ಸ್ವಲ್ಪ ಎದ್ದುಬಿಡ್ತು" ಅಂತ ಅವನು ಅಲ್ಲೇ ಹೇಳಿದರೆ ಗೋಡೆ ಒಣಗುವ ಮೊದಲೇ ನಾವು ಮನೆಯವರಿಗೆ ತಿಳಿಸಬಹುದು. ನಾವಾಗಿ ಹೇಳಿದ್ದಕ್ಕೂ ಅವರೇ ಕಂಡುಹಿಡಿದದ್ದಕ್ಕೂ ತುಂಬಾ ವ್ಯತ್ಯಾಸ ಇದೆ, ಅಲ್ವಾ?

ಇನ್ಶೂರೆನ್ಸ್ ಇದ್ದರೆ ಒಳ್ಳೆಯದೇ, ಆದರೆ ಓದಿ ತೆಗೆದುಕೊಳ್ಳಿ. 1991ರ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆ ಇರುವುದು ಅಪಾಯಕಾರಿ ವಸ್ತುಗಳ ಅವಘಡಕ್ಕೆ. ಹೆಸರು ನೋಡಿ ಆ ಪಾಲಿಸಿ ತೆಗೆದುಕೊಂಡರೆ ನಮ್ಮ ಕೆಲಸಕ್ಕೆ ಬರುವುದಿಲ್ಲ. ಬೇಕಾದದ್ದು ಕಮರ್ಷಿಯಲ್ ಜನರಲ್ ಲಯಬಿಲಿಟಿ ಥರದ ಪಾಲಿಸಿ, ಅಂದರೆ ನಮ್ಮ ಕೆಲಸದಿಂದ ಬೇರೆಯವರಿಗೆ ಆದ ಹಾನಿಯನ್ನು ಭರಿಸುವಂಥದ್ದು. ಅದರಲ್ಲೂ ನಾವು ತೊಳೆಯುತ್ತಿದ್ದ ಗೋಡೆಗೇ ಆದ ಹಾನಿಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಕಿಟಕಿಯಿಂದ ನೀರು ಹೋಗಿ ಒಳಗೆ ಕೆಟ್ಟ ವಾರ್ಡ್‌ರೋಬ್ ಕವರ್ ಆಗಬಹುದು, ಕಿತ್ತುಹೋದ ಬಣ್ಣ ಆಗುವುದಿಲ್ಲ. ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡಿನ ಮಾತು ಕೊಡಬಾರದು ಅನ್ನುವ ಷರತ್ತೂ ಇರುತ್ತದೆ. ಫೋನಿನಲ್ಲಿ ಬಾಯಿ ಬಿಗಿ ಹಿಡಿಯಿರಿ ಅಂದದ್ದಕ್ಕೆ ಇದೂ ಒಂದು ಕಾರಣ.

ಗ್ರಾಹಕರ ಆಯೋಗದಿಂದ ನೋಟಿಸ್ ಬಂದರೆ ಸುಮ್ನೆ ಕೂರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಇದೇ ಗಡುವು ಇದ್ದ ಹಳೇ 1986ರ ಕಾಯ್ದೆಯ ಬಗ್ಗೆ, ಅದರಾಚೆ ಒಂದು ದಿನವೂ ಸಿಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಖಡಾಖಂಡಿತವಾಗಿ ಹೇಳಿದೆ. ಗ್ರಾಹಕರಿಗೆ ದೂರು ಕೊಡಲು ಎರಡು ವರ್ಷ ಸಮಯ ಇದೆ, ಹಾಗಾಗಿ ಫೋಟೋಗಳನ್ನೂ ಅಷ್ಟು ದಿನ ಇಟ್ಟುಕೊಳ್ಳಿ.

ಮಾತುಕತೆಯಲ್ಲೇ ಮುಗಿದರೆ ಒಂದು ಪುಟದ ಪತ್ರ ಸಾಕು. ಏನು ಹಾನಿ, ಏನು ಮಾಡಿಸಿಕೊಟ್ಟೆವು, ಎಷ್ಟು ಕೊಟ್ಟೆವು, ಈ ವಿಷಯದಲ್ಲಿ ಇನ್ನೇನೂ ಬಾಕಿ ಇಲ್ಲ ಅಂತ ಬರೆದು ಸಹಿ ಮಾಡಿಸಿಕೊಳ್ಳಿ. ದುಡ್ಡನ್ನು ಕ್ಯಾಶ್ ಕೊಡದೆ ಬ್ಯಾಂಕಿನಿಂದಲೇ ಹಾಕಿ. ಸಹಿ ಯಾರದು ಅನ್ನುವುದನ್ನು ಮಾತ್ರ ಸರಿಯಾಗಿ ನೋಡಿಕೊಳ್ಳಿ. ಅಪಾರ್ಟ್‌ಮೆಂಟಿನ ಹೊರಗೋಡೆಗೆ ಅಸೋಸಿಯೇಷನ್ ಸಹಿ, ಫ್ಲಾಟಿನೊಳಗಿನ ಹಾನಿಗೆ ಆ ಫ್ಲಾಟಿನ ಓನರ್ ಸಹಿ, ವಾರ್ಡ್‌ರೋಬಿನಲ್ಲಿದ್ದ ಬಟ್ಟೆಬರೆ ಬಾಡಿಗೆಯವರದ್ದಾದರೆ ಅದಕ್ಕೆ ಅವರದ್ದೇ ಬೇರೆ ಪತ್ರ.