ಪಲ್ಪರ್ ಬಿಚ್ಚೋಕೆ ಮಳೆಗಾಲವೇ ಸರಿ

ಕಾಫಿ ಕೊಯ್ಲು ಶುರುವಾಯಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಪಲ್ಪರ್ ಕಾಳು ಕತ್ತರಿಸ್ತಾ ಇದೆ, ಇವತ್ತೇ ಬನ್ನಿ" ಅಂತ ಗೋಣಿಕೊಪ್ಪದಿಂದ ಒಬ್ಬರು, ಸುಂಟಿಕೊಪ್ಪದಿಂದ ಇನ್ನೊಬ್ಬರು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ಕಾಳು ಬೇರೆ ಮಾಡುವ ಮೆಷಿನ್. ಕೊಡಗಿನ ತೋಟಗಳ ಮೆಷಿನ್ ರಿಪೇರಿಯೇ ನನ್ನ ಕಸುಬು. ಕೊಯ್ದ ಅರೇಬಿಕಾ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು, ಕಾಯುವ ಹಾಗಿಲ್ಲ. ಆ ಅವಸರದಲ್ಲಿ ಹೊಸ ಮೆಷಿನ್ ತರುವುದೇ ಸುಲಭ ಅನ್ನಿಸಿಬಿಡುತ್ತದೆ. ಹೀಗೆ ಎಷ್ಟೋ ಒಳ್ಳೆ ಪಲ್ಪರ್‌ಗಳು ಗುಜರಿ ಸೇರಿದ್ದನ್ನು ನೋಡಿ ಸಂಕಟಪಟ್ಟಿದ್ದೇನೆ.

ಪಾಲಿಬೆಟ್ಟದ ಹತ್ತಿರ ಒಂದು ತೋಟ. ಹಳೇ ಡ್ರಮ್ ಪಲ್ಪರ್. ಸಾಹುಕಾರ್ರು ಹೊಸದಕ್ಕೆ ಮನಸ್ಸು ಮಾಡಿಯಾಗಿತ್ತು. ನಾನು ಹೊರಗೆ ಬೀಳುವ ಕಾಳನ್ನು ಬೊಗಸೆಯಲ್ಲಿ ಹಿಡಿದು, ಗೋಣಿಚೀಲದ ಮೇಲೆ ಹರಡಿ ನೂರು ಎಣಿಸಿದೆ. ಹದಿನಾಲ್ಕಕ್ಕೆ ಪೆಟ್ಟು ಬಿದ್ದಿತ್ತು. ಅಂಥ ಕಾಳು ಹುಳಿ ಬರಿಸುವ ತೊಟ್ಟಿಯಲ್ಲಿ ಕಲೆಗಟ್ಟುತ್ತದೆ, ರುಚಿ ಕೆಡುತ್ತದೆ, ರೇಟೂ ಇಳಿಯುತ್ತದೆ. ಪಲ್ಪರ್ ನಡೆಸುವವನು ಮೆಲ್ಲಗೆ ಹೇಳಿದ: "ಎಡಗಡೆಯಿಂದ ಬರೋದೇ ಜಾಸ್ತಿ ಅಣ್ಣ. ಹೋದ ವರ್ಷದಿಂದ ಹೀಗೇ."

ಬಿಚ್ಚಿದರೆ ಅವನ ಮಾತು ನಿಜ. ಎಡಗಡೆ ಬೇರಿಂಗ್ ಸವೆದು ಡ್ರಮ್ ಅಲ್ಲಾಡುತ್ತಿತ್ತು. ಎದುರಿನ ಪ್ಲೇಟಿಗೂ ಡ್ರಮ್ಮಿಗೂ ನಡುವಿನ ಸಂದು ಆ ಬದಿಯಲ್ಲಿ ಕಿರಿದಾಗಿ ಕಾಳು ಜಜ್ಜುತ್ತಿತ್ತು. ತಾಮ್ರದ ತಗಡಿನ ಉಬ್ಬುಗಳು ಅಲ್ಲಿ ಚಪ್ಪಟೆಯಾಗಿದ್ದವು. ಬೇರಿಂಗ್ ಹಾಕಿ, ಡ್ರಮ್ಮಿಗೆ ಹೊಸ ತಗಡು ಹೊದಿಸಿ, ಸಂದು ಸರಿಮಾಡಿ ಮತ್ತೆ ನೂರು ಎಣಿಸಿದೆವು. ಪೆಟ್ಟು ಬಿದ್ದದ್ದು ಎರಡಕ್ಕೆ. ಮೆಷಿನ್‌ನ ಎರಕದ ಮೈ ಗಟ್ಟಿಮುಟ್ಟಾಗೇ ಇತ್ತು.

ಒಂದು ವರ್ಷ ಆ ಪಲ್ಪರ್ ನಡೆಸುವವನನ್ನು ಯಾರೂ ಕೇಳಿರಲಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ. ತೋಟ ನಡೆಸುವವರಿಗೆ ನಾನು ಹೇಳುವುದಿಷ್ಟೇ: ಹೊಸದಕ್ಕೆ ದುಡ್ಡು ಎಣಿಸುವ ಮೊದಲು ಮೆಷಿನ್ ಮುಟ್ಟುವವನ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಮಳೆಗಾಲದಲ್ಲಿ ಕೂತರೆ ಇನ್ನೂ ಒಳ್ಳೆಯದು. ಆಗ ಪಲ್ಪರ್ ಖಾಲಿ ಇರುತ್ತದೆ, ಬಿಡಿಭಾಗ ಹುಡುಕಲು ಸಮಯವಿರುತ್ತದೆ, ನಾನೂ ಸಿಗುತ್ತೇನೆ. ರೋಬಸ್ಟಾ ಹೂವಿಗೆ ನೀರು ಹಾಯಿಸುವ ಪಂಪ್‌ಸೆಟ್‌ದೂ ಇದೇ ಕಥೆ. ಫೆಬ್ರವರಿಯಲ್ಲಿ ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಸೋರುವುದು ಗೊತ್ತಾದರೆ ತಡವಾಯಿತು, ಅಲ್ವಾ?

ಉಳಿತಾಯ ಅಂತ ಗ್ರೀಸಿಗೂ ಕೈ ಬಿಗಿ ಹಿಡಿಯುವವರಿದ್ದಾರೆ. ಅದರಿಂದ ಬೇರಿಂಗೇ ಹೋಗುತ್ತದೆ. ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆದ ಸ್ಪ್ರೇಯರನ್ನು ಅವತ್ತೇ ತೊಳೆಯದಿದ್ದರೆ ಮೈಲುತುತ್ತ ಕಬ್ಬಿಣ ತಿನ್ನುತ್ತದೆ. ಕಳೆ ಹೊಡೆಯುವ ಮೆಷಿನ್ನನ್ನು ಪೆಟ್ರೋಲ್ ಸಮೇತ ಮೂಲೆಗಿಟ್ಟರೆ ಕಾರ್ಬೊರೇಟರ್‌ನಲ್ಲಿ ಅಂಟು ಕಟ್ಟುತ್ತದೆ.

ಎಲ್ಲವನ್ನೂ ರಿಪೇರಿ ಮಾಡಬೇಕಂತಲೂ ಇಲ್ಲ. ಕಳೆ ಮೆಷಿನ್ನಿನ ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಹಾಕಿಕೊಡಿ ಅಂತ ಕೇಳುತ್ತಾರೆ. ನಾನು ಹಾಕಲ್ಲ. ಓಡುವಾಗ ಚೂರು ಸಿಡಿದರೆ ಹೋಗುವುದು ಕೆಲಸಗಾರನ ಕಾಲು. ಮೋಟಾರ್ ಮೈಗೆ ಕರೆಂಟ್ ಬರುತ್ತಿದ್ದರೆ ಅವತ್ತು ಕೆಲಸ ನಿಲ್ಲಲಿ, ಪರವಾಗಿಲ್ಲ.

ಮುಂದಿನ ಆಗಸ್ಟ್‌ನಲ್ಲಿ ಪಾಲಿಬೆಟ್ಟದ ತೋಟಕ್ಕೆ ಮತ್ತೆ ಹೋಗಿದ್ದೆ. ಪಲ್ಪರ್ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದರು. ಜನವರಿ ಕೊನೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ಒಂದು ಸಾಲು: "ಬಲಗಡೆ ಬೇರಿಂಗ್ ಬಿಸಿ ಆಗ್ತಾ ಇದೆ." ಹೊಸ ಬೇರಿಂಗ್ ಅದರ ಕೆಳಗಿನ ಹಲಗೆ ಮೇಲೆ, ಕವರ್ ಬಿಚ್ಚದೆ, ನನಗಾಗಿ ಕಾದಿತ್ತು.