ಐಟಿಐಗೆ ‘ದಡ್ಡರ ಕಾಲೇಜು’ ಎಂಬ ಹಣೆಪಟ್ಟಿ ಅಂಟಿದ್ದು ಹೇಗೆ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್‌ಗಳಿಗೆ ಫಿಟ್ಟರ್ ಬೇಕು, ಟರ್ನರ್ ಬೇಕು. ಆದರೂ ಸುತ್ತಲಿನ ಮನೆಗಳಲ್ಲಿ ‘ಮಗ ಐಟಿಐ ಮಾಡಾಕತ್ತಾನ್ರಿ’ ಎನ್ನುವಾಗ ದನಿ ತಗ್ಗುತ್ತದೆ. ಬಸ್ ಹತ್ತುವ ಮುನ್ನ ವರ್ಕ್‌ಶಾಪ್ ಅಂಗಿ ಬಿಚ್ಚಿ ಬ್ಯಾಗಿಗೆ ತುರುಕುವ ಹುಡುಗರಿದ್ದಾರೆ.

ಮೊದಲು ಹೀಗಿರಲಿಲ್ಲ. ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ, ವಿಭಜನೆಯಲ್ಲಿ ನೆಲೆ ಕಳೆದುಕೊಂಡವರಿಗೆ ಕೊಡುತ್ತಿದ್ದ ತರಬೇತಿಯೇ 1950ರಲ್ಲಿ, ಇಂದು ಐಟಿಐಗಳಲ್ಲಿ ನಡೆಯುವ ಕುಶಲಕರ್ಮಿ ತರಬೇತಿ ಯೋಜನೆಯಾಯಿತು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು. ಆಗ ಎಸ್ಸೆಸ್ಸೆಲ್ಸಿ ಮುಟ್ಟುವವರೇ ಕಡಿಮೆ. ಪಿಯು ಕಾಲೇಜುಗಳು ತಾಲ್ಲೂಕಿಗೆಲ್ಲ ಹಬ್ಬಿದ ಮೇಲೆ ಸೈನ್ಸ್ ಸಿಗದವರ ಪಾಲಿಗೆ ಐಟಿಐ ಉಳಿಯಿತು. ನಡುವೆ ಪಿಯು ಹಂತದ ಜೆಒಸಿ (ಉದ್ಯೋಗಾಧಾರಿತ) ಕೋರ್ಸುಗಳೂ ಬಂದು ಹೋದವು.

ಗಂಟು ಬಿಗಿಯಾದದ್ದು 2013ರಲ್ಲಿ, ಸೆಮಿಸ್ಟರ್ ಪದ್ಧತಿ ಬಂದಾಗ. ಗಣಿತದಲ್ಲಿ ಅಂಕ ಬಾರದೆ ಇಲ್ಲಿಗೆ ಬಂದವನಿಗೆ ಅದೇ ಗಣಿತ ‘ವರ್ಕ್‌ಶಾಪ್ ಕ್ಯಾಲ್ಕ್ಯುಲೇಶನ್’ ಎಂಬ ಹೆಸರಲ್ಲಿ ಎದುರಾಗುತ್ತದೆ, ಜೊತೆಗೆ ಎಂಜಿನಿಯರಿಂಗ್ ಡ್ರಾಯಿಂಗ್. ವೈಸ್‌ನಲ್ಲಿ ಕಬ್ಬಿಣದ ತುಂಡು ಬಿಗಿದು, ಫೈಲಿನಿಂದ, ಅಂದರೆ ಅರದಿಂದ ಉಜ್ಜಿ, ಟ್ರೈ ಸ್ಕ್ವೇರ್ ಇಟ್ಟು ಬೆಳಕು ತೂರದಂತೆ ಮೂಲೆ ಕೂಡಿಸುವ ಕೈ ಅವನದು. ಆ ಕೈಚಳಕಕ್ಕೆ ಊರಲ್ಲಿ ಬೆಲೆಯಿಲ್ಲ. ಪರೀಕ್ಷೆ ಮಾತ್ರ ಆರು ತಿಂಗಳಿಗೊಮ್ಮೆ. ಹತ್ತನೇ ಇಯತ್ತೆಯಲ್ಲಿ ಒಮ್ಮೆ ‘ದಡ್ಡ’ ಅನ್ನಿಸಿಕೊಂಡವನು ಬಾಕಿ ಪೇಪರುಗಳ ಜೊತೆ ಅದನ್ನೇ ಮತ್ತೆ ಮತ್ತೆ ಕೇಳಿಸಿಕೊಂಡ. ನಿದ್ದೆ ಕೆಟ್ಟಿತು, ಕ್ಲಾಸು ತಪ್ಪಿತು, ಹಾಜರಿ ಕಡಿಮೆಯಾಯಿತು. ಮನೆಯಲ್ಲಿ ಇದಕ್ಕಿಟ್ಟ ಹೆಸರು ಸೋಮಾರಿತನ. ಡಾಕ್ಟರಿಗೆ ತೋರಿಸೋಣವೆಂದರೆ, ‘ಧಾರವಾಡಕ್ಕ ಒಯ್ಯೂದು’ ಎಂಬ ಮಾತಿಗೆ ಈ ಭಾಗದಲ್ಲಿ ಇರುವುದು ಒಂದೇ ಅರ್ಥ: ಅಲ್ಲಿನ ಮಾನಸಿಕ ಆಸ್ಪತ್ರೆಗೆ ಸೇರಿಸುವುದು. 2018ರಲ್ಲಿ ವಾರ್ಷಿಕ ಪರೀಕ್ಷೆ ಮರಳಿತು, ಹಣೆಪಟ್ಟಿ ಹೋಗಲಿಲ್ಲ.

ದುಡ್ಡು ಬರಲಿಲ್ಲವೆಂದಲ್ಲ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು 4,700 ಕೋಟಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ಪ್ರಧಾನಿಯಿಂದ ಉದ್ಘಾಟನೆಯೂ ಆಯಿತು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಬಂತು, ರೋಬೋಟ್ ಬಂತು. ಹುಡುಗರ ಮನಸ್ಸು ಯಾವ ಅಂದಾಜುಪಟ್ಟಿಯ ಬಾಬತ್ತು, ಯಾರಿಗೂ ಹೊಳೆದಂತಿಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಶುರುವಾಯಿತು. ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರು ಇರಲೇಬೇಕೆಂದು ಹೇಳಿತು. ಅಲ್ಲಿಯವರೆಗೆ ಈ ಕೆಲಸ ಮಾಡುತ್ತ ಬಂದವರು ಫೈಲು ಹಿಡಿಯುವುದನ್ನು ಕಲಿಸುವ ಜೆಟಿಒಗಳೇ (ಕಿರಿಯ ತರಬೇತಿ ಅಧಿಕಾರಿಗಳೇ), ಅದೂ ಅವರಿಗೆ ಪುರುಸೊತ್ತು, ಮನಸ್ಸು ಎರಡೂ ಇದ್ದರೆ.