ನೀಲಿ ಡ್ಯಾಮ್ಸೆಲ್ ಬೇರೆ ಮೀನನ್ನು ಇರಗೊಡುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ಮೂರು ಅಡಿಯ ಉಪ್ಪುನೀರಿನ ಟ್ಯಾಂಕ್‌ಗೆ ಮೊದಲು ಒಂದು ನೀಲಿ ಡ್ಯಾಮ್ಸೆಲ್ ಬಿಟ್ಟಿದ್ದೆ. ಎರಡು ತಿಂಗಳ ಮೇಲೆ ಜೋಡಿ ಕ್ಲೌನ್ ಫಿಶ್ ತಂದರೆ, ಅಟ್ಟಿಸಿ ಅಟ್ಟಿಸಿ ಬಾಲ ಹರಿದುಹಾಕಿದೆ. ಡ್ಯಾಮ್ಸೆಲ್ ತೆಗೆದುಬಿಡಬೇಕಾ? (ಓದುಗರೊಬ್ಬರು, ಕದ್ರಿ, ಮಂಗಳೂರು)

ಉತ್ತರ: ಮೀನು ತೆಗೆಯುವ ಮೊದಲು ಕಲ್ಲು ತೆಗೆದು ನೋಡಿ.

ಡ್ಯಾಮ್ಸೆಲ್ ಕಾಯುವುದು ಜಾಗವನ್ನು. ಹವಳದ ದಿಬ್ಬದಲ್ಲಿ ಒಂದು ಸಂದು ಸಿಕ್ಕಿದರೆ ಅಡಗುವುದು, ಮೇಯುವುದು, ಮೊಟ್ಟೆ ಎಲ್ಲ ಅಲ್ಲೇ. ಸಮುದ್ರದಲ್ಲಾದರೆ ಪೆಟ್ಟು ತಿಂದ ಮೀನು ಎರಡು ಮಾರು ಆಚೆ ಹೋದರೆ ಜಗಳ ಮುಗಿಯಿತು. ನಿಮ್ಮಲ್ಲಿ ಎತ್ತ ಓಡಿದರೂ ಗಾಜು. ಎರಡು ತಿಂಗಳು ಒಂಟಿಯಾಗಿದ್ದದ್ದು ಇಡೀ ಟ್ಯಾಂಕಿನ ಆರ್‌ಟಿಸಿಯನ್ನೇ ತನ್ನ ಹೆಸರಿಗೆ ಮಾಡಿಸಿಕೊಂಡಿದೆ ಮಾರಾಯ್ರೆ! ಸಾಧು ಮೀನು ಮೊದಲು, ಜಗಳಗಂಟ ಕೊನೆಗೆ ಬಿಡಬೇಕು. ಅಂಗಡಿಯಲ್ಲಿ ಮಾತ್ರ "ಗಟ್ಟಿ ಮೀನು, ಇದನ್ನೇ ಮೊದಲು ಬಿಡಿ" ಅಂತ ಕೊಡುತ್ತಾರೆ.

ಈಗ ಕಲ್ಲೆಲ್ಲ ಹೊರಗೆ ತೆಗೆಯಿರಿ. ಕಲ್ಲಿದ್ದರೆ ಡ್ಯಾಮ್ಸೆಲ್ ಬಲೆಗೆ ಸಿಗುವುದೂ ಇಲ್ಲ. ತೆಗೆದ ಕಲ್ಲು ಟ್ಯಾಂಕಿನದೇ ನೀರಿರುವ ಬಕೆಟ್ಟಿನಲ್ಲಿರಲಿ. ನಲ್ಲಿ ನೀರು ತಾಗಿದರೆ ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಸಾಯುತ್ತದೆ. ಹಿಡಿದ ಡ್ಯಾಮ್ಸೆಲನ್ನು ತರಕಾರಿ ತೊಳೆಯುವ ತೂತಿನ ಬುಟ್ಟಿಗೆ ಹಾಕಿ, ಬಾಯಿ ಕಟ್ಟಿ, ಅದೇ ಟ್ಯಾಂಕಿನಲ್ಲಿ ತೂಗುಬಿಡಿ. ಕಲ್ಲನ್ನು ಬೇರೆ ಥರ, ನಡುವೆ ಅಂತರವಿಟ್ಟು ಎರಡು ಗುಡ್ಡೆಯಾಗಿ ಜೋಡಿಸಿ. ನಾಲ್ಕೈದು ದಿನ ಕ್ಲೌನ್‌ಗಳು ನಿಶ್ಚಿಂತೆಯಿಂದ ತಿರುಗಾಡಲಿ. ನಾನು ಹೀಗೆ ಮಾಡಿ ಬುಟ್ಟಿ ಬಿಚ್ಚಿದಾಗ, ನನ್ನ ಡ್ಯಾಮ್ಸೆಲ್ ಸೀದಾ ಹಳೆಯ ಸಂದಿದ್ದ ಕಡೆಗೇ ಹೋಗಿ ಖಾಲಿ ನೀರಿನಲ್ಲಿ ಸುಮ್ಮನೆ ನಿಂತಿತ್ತು. ಪಾಪ ಅನಿಸಿತು.

ಕಲ್ಲು ಸಾಲದಿದ್ದರೆ ಬಣ್ಣ ಬಳಿಯದ ಹಳೆಯ ಮಂಗಳೂರು ಹಂಚಿನ ತುಂಡನ್ನು ತಿಕ್ಕಿ ತೊಳೆದು ಇಡಿ. ಕ್ಲೌನ್‌ಗಳು ಅಂಥ ಮಣ್ಣಿನ ಮೈ ಮೇಲೆ ಮೊಟ್ಟೆಯನ್ನೂ ಇಡುತ್ತವೆ. ಹವಳದ ತುಂಡು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅದು ಅಪರಾಧ.

ಕ್ಲೌನ್‌ಗಳಲ್ಲಿ ಚಿಕ್ಕದು ದೊಡ್ಡದರ ಎದುರು ವಾಲಿಕೊಂಡು ನಡುಗುವುದು ಕಂಡರೆ ಹೆದರಬೇಡಿ. ದೊಡ್ಡದು ಹೆಣ್ಣು, ಚಿಕ್ಕದು "ಆಯ್ತು, ನೀನೇ ಯಜಮಾನಿ" ಅನ್ನುತ್ತಿದೆ, ಅಷ್ಟೆ.

ಹರಿದ ಬಾಲ ನೀರು ಚೆನ್ನಾಗಿದ್ದರೆ ತಾನಾಗಿ ಬೆಳೆಯುತ್ತದೆ. ನೀರಿನಲ್ಲಿ ಉಪ್ಪೆಷ್ಟಿದೆ ಎಂದು ತಿಳಿಸುವ ಸಾಂದ್ರತೆ 1.025ರ ಆಸುಪಾಸು ಇರಲಿ. ಮಳೆಗಾಲದಲ್ಲಿ ಪಣಂಬೂರಿನಿಂದ ಕ್ಯಾನಿನಲ್ಲಿ ನೀರು ತರುವ ಅಭ್ಯಾಸವಿದ್ದರೆ ಬಿಡಿ. ನೇತ್ರಾವತಿ, ಫಲ್ಗುಣಿಯ ಸಿಹಿನೀರು, ಕೆಸರು ಸೇರಿ ಅದರ ಉಪ್ಪು ನಂಬುವಂತಿಲ್ಲ.

ಎರಡು ವಾರವಾದರೂ ಅಟ್ಟುವುದು ನಿಲ್ಲದಿದ್ದರೆ ಡ್ಯಾಮ್ಸೆಲ್ ಅಂಗಡಿಗೆ ವಾಪಸ್. ಕನಿಕರದಿಂದ ಸಮುದ್ರಕ್ಕೆ ಬಿಡಲು ಹೋಗಬೇಡಿ, ಅದು ಯಾವ ಸಮುದ್ರದ್ದು, ಯಾವ ರೋಗ ಹೊತ್ತು ಬಂದಿದೆ ನಮಗೆ ಗೊತ್ತಿರುವುದಿಲ್ಲ.